ಸ್ಪೀಡ್ ಟೆಸ್ಟ್‌ನಲ್ಲಿ 94, ಮೀಟಿಂಗ್‌ನಲ್ಲಿ ಬೊಂಬೆ: ರಾತ್ರಿ ಒಂಬತ್ತಕ್ಕೆ ಕೋಲಾರದ ನೆಟ್‌ಗೆ ಏನಾಗುತ್ತದೆ?

ಟೇಕಲ್‌ರಸ್ತೆ_ಮನೆ · ಸೋಮವಾರ, ರಾತ್ರಿ 11:48

ಕೋಲಾರದ ಕಡೆಯವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ಟೇಕಲ್ ರಸ್ತೆ ಕಡೆ ನಮ್ಮ ಮನೆ. ಕೆಲಸ ಬೆಂಗಳೂರಿನ ಕಂಪನಿಯಲ್ಲಿ, ವಾರಕ್ಕೆ ಮೂರು ದಿನ ಮನೆಯಿಂದ. ಟಿವಿ ಕೇಬಲ್ ಕೊಡುವವರೇ ಬೀದಿಗೆ ಫೈಬರ್ ಕೂಡ ಎಳೆದಿದ್ದಾರೆ. 100 ಎಂಬಿಪಿಎಸ್ ಪ್ಲಾನ್. ಹಗಲು ಒಂದು ದೂರೂ ಇಲ್ಲ. ರಾತ್ರಿ ಎಂಟೂವರೆ ಆಯ್ತೋ ಶುರು. ಮೀಟಿಂಗ್‌ನಲ್ಲಿ ನನ್ನ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತದೆ. ಮಾತು ಮಾತ್ರ ತುಂಡು ತುಂಡಾಗಿ ಹೋಗುತ್ತದೆ. ನಮ್ಮ ಟೀಮಿನವರು ನನಗೆ "ಬೊಂಬೆ" ಅಂತ ಹೆಸರಿಟ್ಟಿದ್ದಾರೆ.

ತಮಾಷೆ ಏನೆಂದರೆ, ಅದೇ ಹೊತ್ತಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 94. ಪಕ್ಕದ ರೂಮಲ್ಲಿ ಮಗಳು ಯೂಟ್ಯೂಬ್ ನೋಡುತ್ತಿರುತ್ತಾಳೆ, ಅದು ಒಂದು ಸಲವೂ ರೌಂಡ್ ಹೊಡೆಯುವುದಿಲ್ಲ. ಆಪರೇಟರ್‌ಗೆ ಫೋನ್ ಮಾಡಿದರೆ "ಟೆಸ್ಟ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಿ ಸಾರ್" ಅಂದರು. ಕಳಿಸಿದೆ. "94 ಬರ್ತಾ ಇದೆಯಲ್ಲ ಸಾರ್, ಇನ್ನೇನು?" ನನ್ನ ಕೇಸಿಗೆ ನಾನೇ ಎದುರು ಸಾಕ್ಷಿ ಹೇಳಿದ ಹಾಗಾಯ್ತು.

ಪ್ರಶ್ನೆ ಇಷ್ಟೇ. 100 ಅಂತ ದುಡ್ಡು ತಗೊಂಡು ಅದನ್ನೇ ಹತ್ತು ಮನೆಗೆ ಹಂಚುತ್ತಾರಾ? ಇದು ಮೋಸ ಅಲ್ವಾ?

ಡೂಂಲೈಟ್_ಸರ್ಕಲ್ · ರಾತ್ರಿ 11:55

ಮೋಸಾನೇ. ಹಾಲಿಗೆ ನೀರು ಬೆರೆಸುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ. ನಮ್ಮ ಮನೆಯಲ್ಲೂ ಇದೇ ಕಥೆ. ಎಲ್ಲ ಸೇರಿ ಕಂಪ್ಲೇಂಟ್ ಕೊಡೋಣ.

ಕಂಬ_ಹತ್ತಿದವನು · ಮಂಗಳವಾರ, ಬೆಳಿಗ್ಗೆ 6:30

ಹತ್ತಲ್ಲ ಅಣ್ಣ, ನಲವತ್ತು ಐವತ್ತು ಮನೆಗೆ ಹಂಚುತ್ತಾರೆ. ಹಾಗಂತ ಅದೇ ಮೋಸ ಅಲ್ಲ. ಆರು ವರ್ಷ ಇದೇ ಕೆಲಸ ಮಾಡಿದ್ದೇನೆ, ಕೇಳಿ.

ನಿಮ್ಮ ಬೀದಿ ಕಂಬದಲ್ಲಿ ಒಂದು ಕಪ್ಪು ಡಬ್ಬಿ ನೇತಾಡುತ್ತಿರುತ್ತದೆ, ನೋಡಿ. ಮುಚ್ಚಳ ತೆಗೆದರೆ ಒಳಗೆ ಪುಟಾಣಿ ಸ್ಪ್ಲಿಟರ್. ಅದಕ್ಕೆ ಕರೆಂಟೂ ಬೇಡ, ಬುದ್ಧಿಯೂ ಇಲ್ಲ. ಒಂದು ಎಳೆಯಲ್ಲಿ ಬಂದ ಬೆಳಕನ್ನು ಎಂಟು ಎಳೆಗೆ ಒಡೆಯುತ್ತದೆ, ಅಷ್ಟೇ. ಒಂದು ಡಬ್ಬಿಯ ಎಂಟು ಎಳೆ ಇನ್ನೆಂಟು ಡಬ್ಬಿಗೆ ಹೋದರೆ 64 ಮನೆ. ಒಡೆದಷ್ಟೂ ಬೆಳಕು ಮಂಕಾಗುತ್ತದೆ. ಮನೆಯೊಳಗಿನ ಫೈಬರ್ ಡಬ್ಬಿಗೆ ಬರುವ ಬೆಳಕಿನ ಪವರ್ ಮೈನಸ್ 27 ಡಿಬಿಎಂಗಿಂತ ಕೆಳಗಿಳಿದರೆ ಕೆಂಪು ದೀಪ ಮಿನುಗುವುದು, ನೆಟ್ ಹೋಗಿ ಬರುವುದು ಶುರು.

ಈ 64 ಮನೆಯ ಬೆಳಕೆಲ್ಲ ಕೇಬಲ್ ಆಫೀಸಿನ ಒಎಲ್‌ಟಿ ಅನ್ನುವ ಪೆಟ್ಟಿಗೆಯ ಒಂದೇ ಪೋರ್ಟ್‌ನಿಂದ ಬರುವುದು. ಅದು ಜಿಪಾನ್ ಅನ್ನುವ ಬಗೆಯ ಪೆಟ್ಟಿಗೆ ಆಗಿದ್ದರೆ ಆ ಪೋರ್ಟ್‌ನಿಂದ ಮನೆಗಳ ಕಡೆಗೆ 2.488 ಜಿಬಿಪಿಎಸ್, ಮನೆಗಳಿಂದ ವಾಪಸ್ 1.244. ನಿಮ್ಮ ಪಕ್ಕದ ಮನೆಯವರ ವಿಡಿಯೋ ನಿಮ್ಮ ಮನೆ ಡಬ್ಬಿಗೂ ಬಂದು ಬಡಿಯುತ್ತದೆ ಅಂದರೆ ನಂಬುತ್ತೀರಾ? ಬೆಳಕು ಎಲ್ಲರ ಮನೆಗೂ ಒಂದೇ. ಆದರೆ ಬೀಗ ಹಾಕಿ ಕಳಿಸಿರುತ್ತಾರೆ, ನಿಮ್ಮ ಡಬ್ಬಿ ತನ್ನ ಪಾಲಿನದನ್ನು ಮಾತ್ರ ಬಿಚ್ಚಿಕೊಳ್ಳುತ್ತದೆ. ವಾಪಸ್ ಕಳಿಸುವಾಗ ಹಾಗೆ ಆಗುವುದಿಲ್ಲ. ಇಬ್ಬರ ಬೆಳಕು ಒಟ್ಟಿಗೆ ಬಂದರೆ ಕಲಸುಮೇಲೋಗರ. ಅದಕ್ಕೆ ಒಎಲ್‌ಟಿ ಪ್ರತಿ ಮನೆಗೂ ಸರದಿ ಕೊಡುತ್ತದೆ. "ಈಗ ನೀನು, ಇಷ್ಟು ಹೊತ್ತು." ಜಾಸ್ತಿ ಕಳಿಸೋದಿದ್ದವರಿಗೆ ಸರದಿಯೂ ಉದ್ದ.

ಈಗ ಲೆಕ್ಕ ಹಾಕಿ. 64 ಮನೆ, ತಲಾ 100. ಎಲ್ಲರೂ ಒಂದೇ ಕ್ಷಣ ಪೂರ್ತಿ ಎಳೆದರೆ 6400 ಎಂಬಿಪಿಎಸ್ ಬೇಕು. ಇರುವುದು 2488. ಅಂದರೆ ಕಂಬದಲ್ಲೇ ಹಂಚಿಕೆ ಶುರು. ಆದರೂ ಅಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ. ಎಲ್ಲರೂ ಒಟ್ಟಿಗೆ ಎಳೆಯುವುದೇ ಇಲ್ಲವಲ್ಲ.

ರಿಟೈರ್ಡ್_ಎಕ್ಸ್‌ಚೇಂಜ್ · ಬೆಳಿಗ್ಗೆ 8:10

ಇದು ಇವತ್ತಿನ ಕಥೆ ಅಲ್ಲ. ನಾನು ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೆಲಸ ಮಾಡಿ ನಿವೃತ್ತಿಯಾದವನು. ಊರಲ್ಲಿ ಐನೂರು ಫೋನ್ ಇದ್ದರೆ ಬೆಂಗಳೂರಿಗೆ ಐನೂರು ಲೈನ್ ಇರುತ್ತಿರಲಿಲ್ಲ. ಅದರ ಒಂದು ಸಣ್ಣ ಪಾಲು ಇರುತ್ತಿತ್ತು. ಹಬ್ಬದ ದಿನ "ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ" ಅಂತ ಹೆಣ್ಣುದನಿ ಕೇಳಿದ್ದು ನೆನಪಿರಬೇಕು. ಎಷ್ಟು ಜನಕ್ಕೆ ಎಷ್ಟು ಲೈನ್ ಸಾಕು ಅಂತ ಲೆಕ್ಕ ಕಟ್ಟಿದವರು ಎರ್ಲಾಂಗ್. ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಇದ್ದವರು. ಅವರ ಮೊದಲ ಲೇಖನ ಬಂದದ್ದು 1909ರಲ್ಲಿ. ಫೋನ್ ದಟ್ಟಣೆ ಅಳೆಯುವ ಮಾನಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಹಂಚದೆ ಕೊಡುವುದೂ ಇದೆ. ಲೀಸ್ಡ್ ಲೈನ್ ಅನ್ನುತ್ತಾರೆ, ಒಂದಕ್ಕೊಂದು. ಬ್ಯಾಂಕು, ಕಾಲೇಜು ತಗೊಳ್ಳುತ್ತವೆ. ಅದರ ಬಿಲ್ ನೋಡಿದರೆ ಡೂಂಲೈಟ್ ಸಾಹೇಬರು ನೀರು ಬೆರೆಸಿದ ಹಾಲೇ ಸಾಕು ಅನ್ನುತ್ತಾರೆ.

ನೀರಗಂಟಿ_ಮೊಮ್ಮಗ · ಬೆಳಿಗ್ಗೆ 9:02

ಮುಳಬಾಗಿಲು ಕಡೆಯ ಹಳ್ಳಿ ನಮ್ಮದು. ನಮ್ಮ ತಾತ ಕೆರೆಗೆ ನೀರಗಂಟಿ. ಈಗಿನ ಪಂಚಾಯ್ತಿ ನಲ್ಲಿ ಬಿಡುವ ನೀರಗಂಟಿ ಅಲ್ಲ, ತೂಬು ಎತ್ತುವ ಹಳೇ ಕಾಲದವರು. ಕೆರೆ ತುಂಬಿದ ವರ್ಷ ಅವರಿಗೆ ಅಷ್ಟು ಕೆಲಸ ಇರಲಿಲ್ಲ. ಯಾರು ಎಷ್ಟು ಕಟ್ಟಿಕೊಂಡರೂ ಸರಿ. ಅರ್ಧ ಕೆರೆ ಇದ್ದ ವರ್ಷ ನಿಜವಾದ ಕೆಲಸ. ತೂಬಿನ ಹತ್ತಿರದ ಗದ್ದೆಯವನು ರಾತ್ರಿ ಎದ್ದು ಕಾಲುವೆ ಬಾಯಿ ಒಡೆದುಕೊಂಡರೆ ಕಡೇ ಗದ್ದೆಗೆ ಹನಿ ಇಲ್ಲ. ತಾತ ಗುದ್ದಲಿ ಹೆಗಲಿಗಿಟ್ಟು ಕತ್ತಲಲ್ಲೇ ಕಾಲುವೆ ಮೇಲೆ ಓಡಾಡುತ್ತಿದ್ದರು. ಯಾವ ಗದ್ದೆಗೆ ಎಷ್ಟು ಹೊತ್ತು ಅನ್ನುವುದು ಅವರ ತಲೆಯಲ್ಲೇ ಇತ್ತು. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವರಿಗೆ ಇಷ್ಟು ಅಂತ ಭತ್ತ ಅಳೆಯುತ್ತಿದ್ದರು. ಕಡೇ ಗದ್ದೆಯವನೂ ಕೊಡುತ್ತಿದ್ದ.

ನಿಮ್ಮ ಆಪರೇಟರ್ ನೀರಗಂಟಿ. ಅವನು ನೀರು ಹಂಚುತ್ತಾನೆ ಅಂತ ಬೈಯಬೇಡಿ. ರಾತ್ರಿ ಎದ್ದು ಕಾಲುವೆ ನೋಡುತ್ತಾನಾ ಅಂತ ಕೇಳಿ.

ಡೂಂಲೈಟ್_ಸರ್ಕಲ್ · ಬೆಳಿಗ್ಗೆ 9:20

ಚೆನ್ನಾಗಿ ಹೇಳಿದಿರಿ. ಆದರೂ ಒಂದು ಮಾತು. ಈಗ ನಮಗೆ ನೀರೂ ಬೆಂಗಳೂರಿಂದಲೇ, ನೆಟ್ಟೂ ಬೆಂಗಳೂರಿಂದಲೇ. 2018ರಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕಳಿಸುವ ಕೆ.ಸಿ. ವ್ಯಾಲಿ ಪೈಪು ಲಕ್ಷ್ಮೀಸಾಗರ ಕೆರೆಗೆ ಬಂತು. ಒಂದು ಕೆರೆ ತುಂಬಿ ಕೋಡಿ ಹರಿದರೆ ತಾನೇ ಮುಂದಿನ ಕೆರೆಗೆ? ನಾವು ಯಾವಾಗಲೂ ಕಡೇ ಕೆರೆ.

ಬಂಗಾರಪೇಟೆ_ಪ್ಯಾಸೆಂಜರ್ · ಬೆಳಿಗ್ಗೆ 9:41

ರೈಲಲ್ಲಿ ಕೂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ನೆಟ್‌ವರ್ಕ್ ಕೆಲಸವೇ ನನ್ನದು.

ನೀರಗಂಟಿ ಅಣ್ಣ, ಹೋಲಿಕೆ ತುಂಬ ಇಷ್ಟವಾಯ್ತು. ಒಂದೇ ಕಡೆ ಅದು ಕೂರುವುದಿಲ್ಲ. ಕೆರೆ ನೀರು ಇವತ್ತು ಬಳಸದಿದ್ದರೆ ನಾಳೆಗೆ ಉಳಿಯುತ್ತದೆ. ಬ್ಯಾಂಡ್‌ವಿಡ್ತ್ ಉಳಿಯುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಲೈನ್ ಖಾಲಿ ಇತ್ತು ಅಂತ ರಾತ್ರಿ ಒಂಬತ್ತಕ್ಕೆ ಜಾಸ್ತಿ ಸಿಗುವುದಿಲ್ಲ. ನಾನು ಕೂತಿರುವ ಈ ರೈಲಿನ ಸೀಟಿನ ಹಾಗೆ. ಮಧ್ಯಾಹ್ನದ ಗಾಡಿ ಖಾಲಿ ಓಡಿದರೆ ಬೆಳಗಿನ ಗಾಡಿಯಲ್ಲಿ ನನಗೆ ಜಾಗ ಆಗುತ್ತದಾ? ಅದಕ್ಕೆ ತಿಂಗಳಿಗೆ ಇಷ್ಟು ಜಿಬಿ ಅನ್ನುವ ಲೆಕ್ಕ ನನಗೆ ಯಾವತ್ತೂ ಅರೆಬರೆ ಅನ್ನಿಸುತ್ತದೆ. ಆಪರೇಟರ್‌ಗೆ ತಲೆನೋವು ಜಿಬಿ ಅಲ್ಲ, ರಾತ್ರಿ ಎಂಟರಿಂದ ಹನ್ನೊಂದು.

ಟೇಕಲ್ ರಸ್ತೆ ಅಣ್ಣ, ನಿಮ್ಮ ಯೂಟ್ಯೂಬ್ ಚೆನ್ನಾಗಿದೆ, ಸ್ಪೀಡ್ ಟೆಸ್ಟ್ ಚೆನ್ನಾಗಿದೆ, ಆಫೀಸ್ ಮಾತ್ರ ಹಾಳು ಅಂದಿರಿ. ಅಲ್ಲೇ ಸುಳಿವಿದೆ. ಇವತ್ತು ರಾತ್ರಿ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ, ವೈಫೈ ಬೇಡ. ಗೂಗಲ್‌ನ ವಿಳಾಸ 8.8.8.8ಕ್ಕೆ ಒಮ್ಮೆ ಪಿಂಗ್ ಮಾಡಿ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡಿ. ಮನೆಯಿಂದ ಆಫೀಸಿನ ನೆಟ್‌ಗೆ ಸೇರಿಕೊಳ್ಳುವ ವಿಪಿಎನ್ ವಿಳಾಸಕ್ಕೆ ಇನ್ನೊಮ್ಮೆ. ನಾಳೆ ಬೆಳಿಗ್ಗೆ ಏಳಕ್ಕೂ ಎರಡನ್ನೂ ಮಾಡಿ. ನಾಲ್ಕೂ ಇಲ್ಲಿ ಹಾಕಿ.

ಟೇಕಲ್‌ರಸ್ತೆ_ಮನೆ · ಬುಧವಾರ, ಬೆಳಿಗ್ಗೆ 7:15

ತಗೊಳ್ಳಿ ಮೇಡಂ. ಎಲ್ಲ ಮಿಲಿಸೆಕೆಂಡ್ ಲೆಕ್ಕ.

ರಾತ್ರಿ 9:20, 8.8.8.8: 6, 6, 7, 6.
ರಾತ್ರಿ 9:22, ಆಫೀಸ್: 38, 141, 97, ಉತ್ತರ ಇಲ್ಲ, 163, 152, ಉತ್ತರ ಇಲ್ಲ, 88.
ಬೆಳಿಗ್ಗೆ 7:05, 8.8.8.8: 6, 5, 6, 6.
ಬೆಳಿಗ್ಗೆ 7:06, ಆಫೀಸ್: 8, 8, 9, 8.

ಆಫೀಸ್ ಸರ್ವರ್ ಇರುವುದು ಬೆಂಗಳೂರಲ್ಲೇ. ಹಾಗಾದರೆ ಆಫೀಸಿನವರದೇ ತಪ್ಪಾ?

ಬಂಗಾರಪೇಟೆ_ಪ್ಯಾಸೆಂಜರ್ · ಬೆಳಿಗ್ಗೆ 9:38

ಆತುರ ಬೇಡ. ಟ್ರೇಸರ್ಟ್ ಅಂತ ಒಂದು ಕಮಾಂಡ್ ಇದೆ. ದಾರಿಯಲ್ಲಿ ಬರುವ ಒಂದೊಂದು ನಿಲ್ದಾಣಕ್ಕೂ ಎಷ್ಟು ಹೊತ್ತು ಹಿಡಿಯಿತು ಅಂತ ಸಾಲು ಸಾಲಾಗಿ ತೋರಿಸುತ್ತದೆ. ರಾತ್ರಿ ಅದನ್ನು ಆಫೀಸ್ ವಿಳಾಸಕ್ಕೆ ಓಡಿಸಿ.

ಅಲ್ಲಿಯವರೆಗೆ ನನ್ನ ಊಹೆ ಹೇಳುತ್ತೇನೆ. ನಿಮ್ಮ ಆಪರೇಟರ್ ಬೆಂಗಳೂರಿನ ದೊಡ್ಡ ಕಂಪನಿಯಿಂದ ಎರಡು ಥರ ಬ್ಯಾಂಡ್‌ವಿಡ್ತ್ ಕೊಂಡಿರುತ್ತಾರೆ. ಒಂದು ಕ್ಯಾಶ್, ದುಡ್ಡಿನ ಕ್ಯಾಶ್ ಅಲ್ಲ. ಗೂಗಲ್, ನೆಟ್‌ಫ್ಲಿಕ್ಸ್, ಫೇಸ್‌ಬುಕ್ ಇವರೆಲ್ಲ ಜನ ಜಾಸ್ತಿ ನೋಡುವುದನ್ನು ತುಂಬಿಸಿದ ಪೆಟ್ಟಿಗೆಗಳನ್ನು ದೊಡ್ಡ ಇಂಟರ್ನೆಟ್ ಕಂಪನಿಗಳ ಒಳಗೇ ಇಟ್ಟಿರುತ್ತಾರೆ. ನಿಮ್ಮ ಮಗಳು ನೋಡುವ ವಿಡಿಯೋ ಅಮೆರಿಕದಿಂದ ಬರುತ್ತಿಲ್ಲ, ಹೆಚ್ಚೆಂದರೆ ಬೆಂಗಳೂರಿನ ಯಾವುದೋ ಕಟ್ಟಡದಿಂದ. ಆ ದಾರಿ ಅಗ್ಗ. ಇನ್ನೊಂದು ಬರೀ ಇಂಟರ್ನೆಟ್, ಅಂದರೆ ಪೆಟ್ಟಿಗೆಯಲ್ಲಿ ಇಲ್ಲದ್ದಕ್ಕೆಲ್ಲ. ನಿಮ್ಮ ಆಫೀಸು, ಬ್ಯಾಂಕು, ಸಣ್ಣಪುಟ್ಟ ಸೈಟು. ಆ ದಾರಿ ದುಬಾರಿ. ಅದಕ್ಕೇ ಅದನ್ನು ಕಮ್ಮಿ ಕೊಳ್ಳುತ್ತಾರೆ.

ಸ್ಪೀಡ್ ಟೆಸ್ಟ್ ಹತ್ತಿರದ ಸರ್ವರನ್ನು ತಾನೇ ಹುಡುಕಿಕೊಳ್ಳುತ್ತದೆ. ಬಹಳ ಸಲ ಅದು ಆ ದೊಡ್ಡ ಕಂಪನಿಯದೇ ಸರ್ವರ್ ಆಗಿರುತ್ತದೆ. ನಿಮ್ಮ ಮನೆಯಿಂದ ಅಲ್ಲಿಯವರೆಗೆ ರಸ್ತೆ ಚೆನ್ನಾಗಿದೆ ಅಂತ 94 ಹೇಳಿತು. ಅದು ಸುಳ್ಳಲ್ಲ. ಅಲ್ಲಿಂದ ಮುಂದಿನ ರಸ್ತೆ ಬಗ್ಗೆ ಅದನ್ನು ನೀವು ಕೇಳಲೇ ಇಲ್ಲ.

ಕಂಬ_ಹತ್ತಿದವನು · ಬೆಳಿಗ್ಗೆ 10:05

ಅಕ್ಕ ಹೇಳಿದ್ದು ಸರಿ. ನಮ್ಮ ಹಳೇ ಆಫೀಸಲ್ಲೂ ಹಾಗೇ ಇತ್ತು. ಗ್ರಾಫ್‌ನಲ್ಲಿ ಎರಡು ಬಣ್ಣ. ಕ್ಯಾಶ್ ಹಸಿರು, ಇಂಟರ್ನೆಟ್ ನೀಲಿ. ನೀಲಿ ಗೆರೆ ಏಳೂವರೆಗೆ ಬೆಟ್ಟದ ಹಾಗೆ ಏರಿ, ಎಂಟೂವರೆಗೆ ತಲೆ ಕತ್ತರಿಸಿದ ಹಾಗೆ ಚಪ್ಪಟೆ. ಹನ್ನೊಂದರವರೆಗೆ ಮೇಜಿನ ಥರ ಸಮ. ಆಮೇಲೆ ಇಳಿತ. ಬೆಟ್ಟದ ತುದಿ ಚೂಪಾಗಿದ್ದರೆ ಭಯ ಇಲ್ಲ. ಮೇಜು ಕಂಡರೆ ಪೈಪು ತುಂಬಿದೆ ಅಂತ ಅರ್ಥ. ನಾನು ತೋರಿಸಿದಾಗ ನಮ್ಮ ಓನರ್ ಅಂದಿದ್ದು: "ಪರವಾಗಿಲ್ಲ ಬಿಡೋ, ಕೊಟ್ಟ ದುಡ್ಡು ಪೂರ್ತಿ ವಸೂಲಾಗ್ತಿದೆ."

ಟೇಕಲ್‌ರಸ್ತೆ_ಮನೆ · ಬುಧವಾರ, ರಾತ್ರಿ 9:34

ಮೇಡಂ, ಓಡಿಸಿದೆ. ಮೊದಲ ಸಾಲು ನಮ್ಮ ರೂಟರ್, 1ಕ್ಕಿಂತ ಕಮ್ಮಿ. ಎರಡನೇ ಸಾಲು 100.64 ಅಂತ ಶುರುವಾಗುವ ನಂಬರ್, 3. ಮೂರನೇ ಸಾಲಿಗೆ ಹೋದ ತಕ್ಷಣ 148. ಅಲ್ಲಿಂದ ಕಡೇವರೆಗೂ 140ರಿಂದ 160ರ ನಡುವೆ.

ಬಂಗಾರಪೇಟೆ_ಪ್ಯಾಸೆಂಜರ್ · ರಾತ್ರಿ 10:02

ಸಿಕ್ಕಿತು. ಎರಡನೇ ಸಾಲು ನಿಮ್ಮ ಆಪರೇಟರ್ ಪೆಟ್ಟಿಗೆ. ಅಲ್ಲಿವರೆಗೆ 3. ಅಂದರೆ ಕಂಬ, ಸ್ಪ್ಲಿಟರ್, ನಿಮ್ಮ ಬೀದಿ ಎಲ್ಲ ಸರಿ ಇದೆ. ಎರಡಕ್ಕೂ ಮೂರಕ್ಕೂ ನಡುವಿನ ದುಬಾರಿ ಪೈಪು ರಾತ್ರಿ ತುಂಬಿಹೋಗಿದೆ. ಮೂರನೇ ಸಾಲಲ್ಲಿ ಮಾತ್ರ 148 ಬಂದು ಮುಂದೆ ಮತ್ತೆ 8 ಆಗಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ. ಕೆಲವು ಪೆಟ್ಟಿಗೆಗಳು ಪಿಂಗ್‌ಗೆ ಸೋಮಾರಿತನದಿಂದ ಉತ್ತರ ಕೊಡುತ್ತವೆ. ನಿಮ್ಮಲ್ಲಿ ಕೊನೆಯವರೆಗೂ ಹಾಗೇ ಉಳಿದಿದೆ.

ದೂರಕ್ಕೂ ಇದಕ್ಕೂ ಸಂಬಂಧ ಇಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೋಲಾರದಿಂದ ಬೆಂಗಳೂರು ಸುಮಾರು 70 ಕಿ.ಮೀ. ಹೋಗಿ ಬರಲು ಒಂದು ಮಿಲಿಸೆಕೆಂಡ್ ಕೂಡ ಬೇಡ. ಮಿಕ್ಕ 140 ಚಿಲ್ಲರೆ ಪೂರ್ತಿ ಸರದಿಯಲ್ಲಿ ನಿಂತ ಹೊತ್ತು.

ಸರದಿಯ ಸ್ವಭಾವ ವಿಚಿತ್ರ. ಪೈಪು ಅರ್ಧ ತುಂಬಿದಾಗ ಕಾಯುವ ಹೊತ್ತು 1 ಅಂದುಕೊಳ್ಳಿ. ತೀರ ಸರಳ ಲೆಕ್ಕದಲ್ಲಿ 80 ಶೇಕಡ ತುಂಬಿದರೆ ಅದು 4. 90ಕ್ಕೆ 9. 95ಕ್ಕೆ 19. ಕೊನೆಯ ಹದಿನೈದು ಶೇಕಡದಲ್ಲಿ ಎಲ್ಲ ಕೆಡುತ್ತದೆ. ರೇಷನ್ ಅಂಗಡಿಯಲ್ಲೂ ಇದೇ ಅಲ್ವಾ? ತಿಂಗಳ ಮಧ್ಯೆ ಹೋದರೆ ನಿಮ್ಮ ಮುಂದೆ ಒಬ್ಬರು. ಕೊನೇ ಎರಡು ದಿನ ಹೋದರೆ ಬೀದಿ ತಿರುವಿನವರೆಗೂ ಚೀಲ. ತೂಕ ಹಾಕುವವರ ಕೈ ಅಷ್ಟೇ ವೇಗ, ಬಂದವರು ಸ್ವಲ್ಪವೇ ಜಾಸ್ತಿ.

ಸರದಿಗೂ ಜಾಗ ಬೇಕಲ್ಲ, ಅದನ್ನು ಬಫರ್ ಅನ್ನುತ್ತೇವೆ. ಅದೂ ತುಂಬಿದರೆ ಕೋಡಿ. ಬಂದ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಚೆಲ್ಲಿಹೋಗುತ್ತದೆ. ನಿಮ್ಮ "ಉತ್ತರ ಇಲ್ಲ" ಅನ್ನುವುದು ಕೋಡಿ ಬಿದ್ದ ನೀರು. ವಿಡಿಯೋ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಅರ್ಧ ನಿಮಿಷದಷ್ಟು ಮೊದಲೇ ತುಂಬಿಸಿ ಇಟ್ಟುಕೊಂಡಿರುತ್ತದೆ. ಮೀಟಿಂಗ್‌ನಲ್ಲಿ ಹಾಗೆ ತುಂಬಿಸಿಡುವುದು ಹೇಗೆ? ನೀವು ಇನ್ನೂ ಆಡದ ಮಾತನ್ನು ಮೊದಲೇ ಕಳಿಸಲಾಗುತ್ತದಾ?

ಡೂಂಲೈಟ್_ಸರ್ಕಲ್ · ರಾತ್ರಿ 10:15

ಅಂದರೆ ನಾನು ಹೇಳಿದ್ದೇ. ಮೋಸ.

ಶ್ರೀನಿವಾಸಪುರ_ನೆಟ್ · ರಾತ್ರಿ 11:20

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನೂ ಒಬ್ಬ ಸಣ್ಣ ಆಪರೇಟರ್. ಟೇಕಲ್ ರಸ್ತೆಯವರ ಆಪರೇಟರ್ ನಾನಲ್ಲ, ಅವರ್ಯಾರೋ ಗೊತ್ತೂ ಇಲ್ಲ. ನಮ್ಮ ಕಡೆಯಿಂದಲೂ ಒಂದಿಷ್ಟು ಕೇಳಿ.

ನನ್ನ ಅನುಭವದಲ್ಲಿ ರಾತ್ರಿ ಒಂಬತ್ತಕ್ಕೆ ಮನೆಗೆ ಸರಾಸರಿ ಎರಡೂವರೆ ಎಂಬಿಪಿಎಸ್ ಹೋಗುತ್ತದೆ. 100 ಪ್ಲಾನ್ ಇದ್ದರೂ ಅಷ್ಟೇ. ಒಂದು ಮನೆ ದೊಡ್ಡ ಟಿವಿಯಲ್ಲಿ ಸಿನಿಮಾ ನೋಡುತ್ತಿರುತ್ತದೆ, ನಾಲ್ಕು ಮನೆಯಲ್ಲಿ ಬರೀ ವಾಟ್ಸಾಪ್, ಎರಡು ಮನೆಗೆ ಬೀಗ. 900 ಮನೆ ಇದ್ದರೆ 2250 ಬೇಕು. ಅದರಲ್ಲಿ ಮುಕ್ಕಾಲು ಪಾಲು ಕ್ಯಾಶ್‌ನಿಂದಲೇ ಬರುತ್ತದೆ, ಸುಮಾರು 1700. ಮಿಕ್ಕ 550 ಇಂಟರ್ನೆಟ್. ಈಗ ನಾನು 2 ಜಿಬಿಪಿಎಸ್ ಕ್ಯಾಶ್, 500 ಎಂಬಿಪಿಎಸ್ ಇಂಟರ್ನೆಟ್ ಕೊಂಡಿದ್ದರೆ? ಒಟ್ಟು 2500, ಬೇಕಾದದ್ದು 2250. ಕಾಗದದ ಮೇಲೆ 250 ಮಿಕ್ಕಿದೆ. ನಿಜದಲ್ಲಿ ಇಂಟರ್ನೆಟ್ ಕಡೆ 50 ಕೊರತೆ. ಆ 50 ಸಾಕು, ಮೀಟಿಂಗ್ ಮಾಡುವವರೆಲ್ಲ ಬೊಂಬೆ.

ಆರುನೂರು ಮನೆ ಇದ್ದಾಗ ಇದೇ 500 ಧಾರಾಳವಾಗಿತ್ತು. ಮನೆ ಒಂದೊಂದಾಗಿ ಸೇರುತ್ತವೆ, ಪೈಪು ಹಾಗೆ ಒಂದೊಂದು ಗೇಣು ಅಗಲ ಆಗುವುದಿಲ್ಲ. ದೊಡ್ಡ ತುಂಡೇ ಕೊಳ್ಳಬೇಕು. ಈ ತಿಂಗಳು ಬೇಡ, ಬರುವ ತಿಂಗಳು ಅಂತ ತಳ್ಳುತ್ತೇವೆ. ರಸ್ತೆ ಅಗಲ ಮಾಡುವವರ ಜೆಸಿಬಿ ಫೈಬರ್ ಕಿತ್ತರೆ ಆ ತಿಂಗಳ ದುಡ್ಡು ಅದಕ್ಕೇ ಹೋಯ್ತು. ಮೋಸ ಮಾಡೋಣ ಅಂತ ಯಾರೂ ಕೂರುವುದಿಲ್ಲ. ತಳ್ಳುತ್ತಾ ತಳ್ಳುತ್ತಾ ಮೋಸವೇ ಆಗಿರುತ್ತದೆ, ಒಪ್ಪುತ್ತೇನೆ.

ರಿಟೈರ್ಡ್_ಎಕ್ಸ್‌ಚೇಂಜ್ · ಗುರುವಾರ, ಬೆಳಿಗ್ಗೆ 6:50

ನಿಮ್ಮ ಲೆಕ್ಕವನ್ನೇ ಹಿಡಿದು ಹೇಳುತ್ತೇನೆ. 900 ಮನೆಗೆ ತಲಾ 100 ಅಂದರೆ 90,000. ಇರುವುದು 2500. ಅಂದರೆ 1:36. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2009ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮನೆ ಬಳಕೆಯ ಬ್ರಾಡ್‌ಬ್ಯಾಂಡ್‌ಗೆ 1:50, ವ್ಯಾಪಾರದವರಿಗೆ 1:30 ಅಂತ ಇತ್ತು. ಆ ಲೆಕ್ಕದಲ್ಲಿ ನೀವು ಪಾಸು, ಆದರೆ ನೆಟ್ ಫೇಲು. ಆಗ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 256 ಕೆಬಿಪಿಎಸ್ ಇದ್ದರೆ ಸಾಕಿತ್ತು. 2023ರಿಂದ ಅದು 2 ಎಂಬಿಪಿಎಸ್.

ನನಗೆ ಹೆಚ್ಚು ಬೆಲೆ ಅನ್ನಿಸಿದ್ದು 2006ರ ನಿಯಮದ ಒಂದು ಸಾಲು. ಲಿಂಕ್ ತುಂಬುವುದು 80 ಶೇಕಡದೊಳಗೆ ಇರಬೇಕು ಅಂತ. ಬಂಗಾರಪೇಟೆ ಮಗಳು ನಿನ್ನೆ ಹೇಳಿದ 80, 90, 95ರ ಲೆಕ್ಕ ನೋಡಿ, ಆ 80 ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಆಪರೇಟರ್ ಹತ್ತಿರ ಹೋದಾಗ ಎಷ್ಟು ಮನೆಗೆ ಹಂಚಿದ್ದೀರಿ ಅಂತ ಕೇಳಬೇಡಿ. ರಾತ್ರಿ ಒಂಬತ್ತಕ್ಕೆ ಇಂಟರ್ನೆಟ್ ಲಿಂಕ್ ಎಷ್ಟು ಶೇಕಡ ತುಂಬಿರುತ್ತದೆ, ಗ್ರಾಫ್ ತೋರಿಸಿ ಅನ್ನಿ.

ಕಾಲೇಜ್_ಹುಡುಗ_ಕೆಜಿಎಫ್ · ಬೆಳಿಗ್ಗೆ 8:00

ನಡುವೆ ಬಾಯಿ ಹಾಕುತ್ತಿದ್ದೇನೆ. ಅನ್‌ಲಿಮಿಟೆಡ್ ಅಂತ ಕೊಟ್ಟು 3300 ಜಿಬಿ ಆದ ಮೇಲೆ ಸ್ಪೀಡ್ ಇಳಿಸುತ್ತಾರಲ್ಲ, ಅದೂ ಇದಕ್ಕೇನಾ?

ಕಂಬ_ಹತ್ತಿದವನು · ಬೆಳಿಗ್ಗೆ 8:25

ಅದು ಎಫ್‌ಯುಪಿ, ಫೇರ್ ಯೂಸೇಜ್ ಪಾಲಿಸಿ. ಇಷ್ಟರ ಮೇಲೆ ಬಳಸಿದರೆ ಸ್ಪೀಡ್ ಇಳಿಸುವ ಮಿತಿ. 100 ಎಂಬಿಪಿಎಸ್ ಅನ್ನು 8ರಿಂದ ಭಾಗಿಸು, ಸೆಕೆಂಡಿಗೆ 12.5 ಎಂಬಿ. ದಿನವಿಡೀ ಪೂರ್ತಿ ಎಳೆದರೆ 1080 ಜಿಬಿ. ನಿನ್ನ 3300 ಮೂರು ದಿನಕ್ಕೆ ಖಾಲಿ. ಮೂವತ್ತು ದಿನದಲ್ಲಿ ಮೂರು ದಿನ! ಸಾಮಾನ್ಯ ಮನೆ ಅದರ ಹತ್ತಿರವೂ ಹೋಗುವುದಿಲ್ಲ. ಒಂದು ಕನೆಕ್ಷನ್ ತಗೊಂಡು ಇಡೀ ಪಿಜಿಗೆ ಹಂಚುವವರನ್ನು ಹಿಡಿಯಲು ಇಟ್ಟ ಬಲೆ ಅದು. ಇಳಿಸಿದ ಮೇಲೂ 512 ಕೆಬಿಪಿಎಸ್‌ಗಿಂತ ಕೆಳಗೆ ಹೋಗಬಾರದು, ಅರ್ಧ ಮುಗಿದಾಗ ಮತ್ತು 90 ಶೇಕಡ ಮುಗಿದಾಗ ಗ್ರಾಹಕರಿಗೆ ತಿಳಿಸಬೇಕು ಅಂತ 2016ರಲ್ಲಿ ಟ್ರಾಯ್ ಆದೇಶ ಮಾಡಿತ್ತು.

ನೀರಗಂಟಿ_ಮೊಮ್ಮಗ · ಬೆಳಿಗ್ಗೆ 8:40

ನಮ್ಮ ಹಳ್ಳಿಯಲ್ಲಿ ಫೈಬರ್ ಇಲ್ಲ, ಫೋನಿನ 4ಜಿಯೇ ಗತಿ. ಟವರ್‌ನಲ್ಲೂ ಹಂಚುತ್ತಾರಾ?

ಬಂಗಾರಪೇಟೆ_ಪ್ಯಾಸೆಂಜರ್ · ಬೆಳಿಗ್ಗೆ 9:44

ಅಲ್ಲಿ ಇನ್ನೂ ಜಾಸ್ತಿ ಅಣ್ಣ. ಟವರ್ ಒಂದೊಂದು ಮಿಲಿಸೆಕೆಂಡಿಗೂ ಯಾರಿಗೆ ಎಷ್ಟು ಅಂತ ಹೊಸದಾಗಿ ಹಂಚುತ್ತದೆ. ನಿಮ್ಮ ತಾತ ನೋಡಿದ್ದರೆ ನಕ್ಕಿರೋರು. ಸಿಗ್ನಲ್ ಚೆನ್ನಾಗಿದ್ದವರಿಗೆ ಅದೇ ಹೊತ್ತಿನಲ್ಲಿ ಜಾಸ್ತಿ ಡೇಟಾ ತುರುಕಬಹುದು. ಸಿಗ್ನಲ್ ಕಮ್ಮಿ ಇದ್ದವರಿಗೆ ಅಷ್ಟೇ ಡೇಟಾ ಕಳಿಸಲು ಜಾಸ್ತಿ ಹೊತ್ತು ಬೇಕು. ಬಂಡೆ ಹಿಂದಿನ ಮನೆಯಲ್ಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಸಿನಿಮಾ ನೋಡುವವರು ಟವರ್ ಪಕ್ಕದವರ ಹೊತ್ತನ್ನೂ ತಿನ್ನುತ್ತಾರೆ. ಅವರ ತಪ್ಪಲ್ಲ, ಬಂಡೆಯ ತಪ್ಪು.

ಹಂಚುವ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಕಥೆ ಒಂದಿದೆ. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎರಡು ಕಟ್ಟಡಗಳ ನಡುವೆ ನೆಟ್ ಇತ್ತು, ದೂರ 400 ಗಜ. ಇದ್ದಕ್ಕಿದ್ದ ಹಾಗೆ ಅದು ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ ಬರೀ 40 ಬಿಟ್‌ಗೆ ಬಿತ್ತು. ಕಳಿಸಿದ್ದು ತಲುಪಲಿಲ್ಲ ಅಂತ ಎಲ್ಲ ಕಂಪ್ಯೂಟರ್‌ಗಳೂ ಮತ್ತೆ ಮತ್ತೆ ಕಳಿಸಿ ದಾರಿಯನ್ನೇ ಕಟ್ಟಿಹಾಕಿದ್ದವು. ವ್ಯಾನ್ ಜೇಕಬ್ಸನ್ ಅನ್ನುವವರು ಅದನ್ನು ಹಿಡಿದು ಕೂತರು. ಪ್ಯಾಕೆಟ್ ಕಳೆದುಹೋದರೆ ದಾರಿ ತುಂಬಿದೆ ಅಂತ ತಿಳಿದು ತಾನೇ ವೇಗ ಇಳಿಸಿಕೊಳ್ಳಬೇಕು, ಆಮೇಲೆ ಮೆಲ್ಲಗೆ ಏರಿಸಬೇಕು. 1988ರಲ್ಲಿ ಅವರು ಬರೆದದ್ದು ಇವತ್ತಿಗೂ ನಿಮ್ಮ ಫೋನಿನ ಒಳಗಿದೆ. ಅಂದರೆ ಹಂಚುವುದರಲ್ಲಿ ಅರ್ಧ ಕೆಲಸ ಆಪರೇಟರದ್ದಲ್ಲ, ನಿಮ್ಮ ಫೋನೇ ಮಾಡುತ್ತಿದೆ.

ಒಂದು ಕಳ್ಳದಾರಿಯೂ ಉಂಟು. ಈ ಹಂಚಿಕೆ ನಡೆಯುವುದು ಕನೆಕ್ಷನ್, ಅಂದರೆ ಕಂಪ್ಯೂಟರ್ ತೆರೆಯುವ ಒಂದೊಂದು ಸಂಪರ್ಕದ ಲೆಕ್ಕದಲ್ಲಿ, ಮನೆ ಲೆಕ್ಕದಲ್ಲಲ್ಲ. ಟೊರೆಂಟ್‌ನಲ್ಲಿ ದೊಡ್ಡ ಫೈಲ್ ಇಳಿಸಲು ಹಾಕಿದವರು ಐವತ್ತು ಕನೆಕ್ಷನ್ ತೆರೆದರೆ ಐವತ್ತು ಕೈ ಚಾಚಿದ ಹಾಗೆ. ಮೀಟಿಂಗ್ ಮಾಡುವವರದು ಒಂದೇ ಕೈ. ಆಪರೇಟರ್ ರೂಟರ್‌ನಲ್ಲಿ ಮನೆಗೊಂದು ಸರದಿ ಮಾಡಿಟ್ಟರೆ ಈ ಆಟ ನಡೆಯುವುದಿಲ್ಲ. ಎಷ್ಟೋ ಕಡೆ ಒಂದೇ ಉದ್ದ ಸರದಿ ಇರುತ್ತದೆ, ಬಿಡಿಸುವವರೇ ಇಲ್ಲ.

ಶ್ರೀನಿವಾಸಪುರ_ನೆಟ್ · ಬೆಳಿಗ್ಗೆ 10:10

ಮೇಡಂ, ನಮ್ಮದು ಒಂದೇ ಸರದಿ. ಇವತ್ತೇ ನೋಡಿಸುತ್ತೇನೆ.

ಟೇಕಲ್‌ರಸ್ತೆ_ಮನೆ · ಮುಂದಿನ ಶನಿವಾರ, ರಾತ್ರಿ 9:50

ತಡವಾಯ್ತು, ಕ್ಷಮಿಸಿ. ಪಿಂಗ್ ಸಾಲುಗಳನ್ನು ಪ್ರಿಂಟ್ ತೆಗೆದುಕೊಂಡು ಸೋಮವಾರ ಆಪರೇಟರ್ ಆಫೀಸಿಗೆ ಹೋದೆ. ಮೊದಲು "ವೈಫೈ ದೂರ ಇದೆಯಾ ಸಾರ್" ಅಂದರು. ಕೇಬಲ್ ಹಾಕಿ ತೆಗೆದದ್ದು ಅಂದೆ. "ಸ್ಪೀಡ್ ಟೆಸ್ಟ್..." ಅನ್ನುವಷ್ಟರಲ್ಲಿ, ಅದು ಕ್ಯಾಶ್ ಕಡೆ ದಾರಿ ಅಲ್ವಾ ಅಂದೆ. ಆಗ ಅವರು ಕುರ್ಚಿ ಎಳೆದು ಕೂರಿಸಿ ಟೀ ಹೇಳಿದರು. ರಿಟೈರ್ಡ್ ಸಾರ್ ಹೇಳಿದ ಹಾಗೆ ಗ್ರಾಫ್ ಕೇಳಿದೆ. ಮೇಜು! ಕಂಬದಣ್ಣ ಬರೆದ ಹಾಗೇ, ಎಂಟು ಇಪ್ಪತ್ತರಿಂದ ಹನ್ನೊಂದರವರೆಗೆ ಸಪಾಟು. ದಸರಾ ಆದ ಮೇಲೆ 200 ಮನೆ ಸೇರಿವೆಯಂತೆ, ಇಂಟರ್ನೆಟ್ ಪೈಪು ಮಾತ್ರ ಹಳೇದೇ.

ಗುರುವಾರ ಅದನ್ನು ಎರಡು ಪಟ್ಟು ಮಾಡಿದ್ದಾರೆ. ಈಗ 9:40ಕ್ಕೆ ಆಫೀಸ್ ಪಿಂಗ್: 9, 8, 9, 11. ನಿನ್ನೆ ಮೀಟಿಂಗ್‌ನಲ್ಲಿ ಒಂದೂವರೆ ಗಂಟೆ ಮಾತಾಡಿದೆ. ಬೊಂಬೆ ಆಗಿದ್ದಾಗಲೇ ವಾಸಿ ಇತ್ತು ಅಂತ ಟೀಮಿನವರು ಅಂದುಕೊಂಡಿರಬೇಕು.

ಆ ಪ್ರಿಂಟ್ ವಾಪಸ್ ಕೇಳಿದರೆ ಆಫೀಸಿನ ಹುಡುಗ "ಇರಲಿ ಸಾರ್, ಬೆಂಗಳೂರಿನವರು ಮುಂದಿನ ಸಲ ನಮ್ಮ ಕಡೆ ಸರಿ ಇದೆ ಅಂದ್ರೆ ತೋರಿಸ್ತೀನಿ" ಅಂತ ಇಟ್ಟುಕೊಂಡ.

ಡೂಂಲೈಟ್_ಸರ್ಕಲ್ · ರಾತ್ರಿ 10:05

ಯಾವ ಆಪರೇಟರ್ ಸ್ವಾಮಿ? ಹೆಸರು ಹಾಕಿ.

ಟೇಕಲ್‌ರಸ್ತೆ_ಮನೆ · ರಾತ್ರಿ 10:08

ಸರಿ ಮಾಡಿದ ಮೇಲೆ ಹೆಸರು ಹಾಕುವುದು ಬೇಡ. ನಿಮ್ಮ ಮನೇಲೂ ಅದೇ ಟ್ರೇಸರ್ಟ್ ಓಡಿಸಿ ನೋಡಿ, ಎಷ್ಟನೇ ಸಾಲಲ್ಲಿ ಏರುತ್ತದೆ ಅಂತ.

ಡೂಂಲೈಟ್_ಸರ್ಕಲ್ · ರಾತ್ರಿ 10:31

ಓಡಿಸಿದೆ. ಮೊದಲನೇ ಸಾಲಲ್ಲೇ 74. ನೋಡಿದ್ರಾ, ನಾನು ಹೇಳಲಿಲ್ವಾ? ನಮ್ಮ ಆಪರೇಟರ್ ಇನ್ನೂ ದೊಡ್ಡ ಕಳ್ಳ.

ಕಂಬ_ಹತ್ತಿದವನು · ರಾತ್ರಿ 10:33

ಅಣ್ಣ, ಮೊದಲನೇ ಸಾಲು ನಿಮ್ಮ ಮನೆಯದೇ ರೂಟರ್. ಕೇಬಲ್ ಹಾಕಿದ್ರಾ, ವೈಫೈನಾ?

ಡೂಂಲೈಟ್_ಸರ್ಕಲ್ · ರಾತ್ರಿ 10:40

ವೈಫೈ.

ಕಂಬ_ಹತ್ತಿದವನು · ರಾತ್ರಿ 10:41

ರೂಟರ್ ಎಲ್ಲಿಟ್ಟಿದ್ದೀರಿ?

ಡೂಂಲೈಟ್_ಸರ್ಕಲ್ · ರಾತ್ರಿ 10:52

ಅಟ್ಟದ ಮೇಲೆ. ಮನೆಯವಳು ಧೂಳು ಕೂರಬಾರದು ಅಂತ ಹಿತ್ತಾಳೆ ಹಂಡೆ ಹಿಂದೆ ಇಟ್ಟಿದ್ದಾಳೆ.